ಇಲಿಯ ಮೈಯಲ್ಲಿ ಕೊಬ್ಬೆಷ್ಟು, ಉಳಿದದ್ದೆಷ್ಟು: ಲ್ಯಾಬಿನಲ್ಲಿ ಅಳೆಯುವ ಬಗೆ

2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮದೇ ಮೈಯ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಆದರೆ ಯಡ್ಕಿನ್ ಅವರ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಅವರ ಮೈಯಲ್ಲಿ 21.2%. ತೂಕ ಮತ್ತು ಎತ್ತರ ಮಾತ್ರ ನೋಡಿದ್ದರೆ ಈ ವ್ಯತ್ಯಾಸ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಲ್ಯಾಬಿನ ಇಲಿಗಳ ವಿಷಯವೂ ಹೀಗೇ. 30 ಗ್ರಾಂ ತೂಗುವ ಎರಡು ಇಲಿಗಳಲ್ಲಿ ಒಂದರ ಮೈಯಲ್ಲಿ 3 ಗ್ರಾಂ ಕೊಬ್ಬಿರಬಹುದು, ಇನ್ನೊಂದರಲ್ಲಿ 8 ಗ್ರಾಂ ಇರಬಹುದು. ಸಕ್ಕರೆ ಕಾಯಿಲೆ, ಬೊಜ್ಜು, ವಯಸ್ಸಾದಂತೆ ಸೊರಗುವ ಸ್ನಾಯು, ತೂಕ ಇಳಿಸುವ ಹೊಸ ಔಷಧಿಗಳು, ಯಾವುದರ ಮೇಲೆ ಕೆಲಸ ಮಾಡಿದರೂ ಕೊನೆಗೆ ಎದುರಾಗುವ ಪ್ರಶ್ನೆ ಒಂದೇ. ತೂಕ ಇಳಿಯಿತು, ಸರಿ. ಇಳಿದದ್ದು ಏನು?

ಬೆಂಗಳೂರಿನ ಯಾವುದೋ ಸಂಸ್ಥೆಯಲ್ಲೋ ಹೊರದೇಶದಲ್ಲೋ ಮೆಟಬಾಲಿಸಂ ಲ್ಯಾಬಿಗೆ ಈಗಷ್ಟೇ ಸೇರಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಂತ್ರದ ಗುಂಡಿ ಒತ್ತುವುದನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ಆದರೆ ಬಂದ ಸಂಖ್ಯೆಯನ್ನು ನಂಬಬಹುದೋ ಇಲ್ಲವೋ ಎಂಬುದು ಗುಂಡಿ ಒತ್ತುವ ಮೊದಲು ಮತ್ತು ಒತ್ತಿದ ನಂತರ ನೀವು ಮಾಡುವ ಕೆಲಸದ ಮೇಲೆ ನಿಂತಿದೆ. ನಾನು ಜಾಸ್ತಿ ಹೇಳುವುದೂ ಅದರ ಬಗ್ಗೆಯೇ.

ಉದಾಹರಣೆಗೆ ಒಂದು ಸಾಮಾನ್ಯ ಪ್ರಯೋಗ ಇಟ್ಟುಕೊಳ್ಳೋಣ. ಸಿ57ಬಿಎಲ್/6ಜೆ ತಳಿಯ ಗಂಡು ಇಲಿಗಳು, ಅಂದರೆ ಎಲ್ಲರೂ ಬ್ಲ್ಯಾಕ್ ಸಿಕ್ಸ್ ಅನ್ನುವ ಕಪ್ಪು ಇಲಿಗಳು. ಆರು ವಾರದ ವಯಸ್ಸಿನಿಂದ ಒಂದು ಗುಂಪಿಗೆ 60% ಕ್ಯಾಲರಿ ಕೊಬ್ಬಿನಿಂದ ಬರುವ ಆಹಾರ, ಇನ್ನೊಂದು ಗುಂಪಿಗೆ 10% ಮಾತ್ರ ಬರುವ ಆಹಾರ. ಹನ್ನೆರಡು ವಾರ ಹೀಗೆ ತಿನ್ನಿಸಿ, ನಡುನಡುವೆ ಮೈಯ ಕೊಬ್ಬು ಅಳೆಯಬೇಕು.

ಮೊದಲು ಅನುಮತಿ

ಭಾರತದಲ್ಲಿ ಇಲಿಯ ಮೇಲೆ ಯಾವ ಪ್ರಯೋಗ ಮಾಡಬೇಕಿದ್ದರೂ ನಿಮ್ಮ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿ, ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರ ಸರ್ಕಾರದ ಸಮಿತಿಯಾದ ಸಿಸಿಎಸ್‌ಇಎ ನಿಯಮಗಳ ಕೆಳಗೆ ಕೆಲಸ ಮಾಡುತ್ತದೆ. ಹಿರಿಯರು ಈಗಲೂ ಇದನ್ನು ಹಳೆಯ ಹೆಸರಿನಿಂದ ಸಿಪಿಸಿಎಸ್‌ಇಎ ಅಂತಲೇ ಕರೆಯುತ್ತಾರೆ. ಕೊಬ್ಬು ಅಳೆಯುವುದು ನೋವಿಲ್ಲದ ಸಣ್ಣ ಕೆಲಸ, ಅರ್ಜಿಯಲ್ಲಿ ಬರೆಯದಿದ್ದರೂ ನಡೆಯುತ್ತದೆ ಅಂದುಕೊಳ್ಳಬೇಡಿ. ಎಷ್ಟು ಸಲ ಅಳೆಯುತ್ತೀರಿ, ಅರಿವಳಿಕೆ ಕೊಡುತ್ತೀರಾ, ಎಷ್ಟು ಹೊತ್ತು ಟ್ಯೂಬಿನಲ್ಲಿ ಇಡುತ್ತೀರಿ, ಎಲ್ಲವನ್ನೂ ಬರೆಯಿರಿ. ಎಕ್ಸ್-ರೇ ಬಳಸುವ ಯಂತ್ರವಾದರೆ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳೂ ಬರುತ್ತವೆ.

ಯಾವ ವಿಧಾನ ಹಿಡಿಯಬೇಕು?

ಬದುಕಿರುವ ಇಲಿಯನ್ನು ಮತ್ತೆ ಮತ್ತೆ ಅಳೆಯಬೇಕಿದ್ದರೆ ಎನ್‌ಎಂಆರ್ ಯಂತ್ರವೇ ಒಳ್ಳೆಯದು, ಅಂದರೆ ಆಯಸ್ಕಾಂತ ಮತ್ತು ರೇಡಿಯೋ ತರಂಗದಿಂದ ಅಳೆಯುವ ಯಂತ್ರ. ಎಕೋಎಂಆರ್‌ಐ ಮತ್ತು ಬ್ರೂಕರ್ ಕಂಪನಿಯ ಮಿನಿಸ್ಪೆಕ್, ಈ ಎರಡು ಹೆಸರು ನಿಮ್ಮ ಕಿವಿಗೆ ಜಾಸ್ತಿ ಬೀಳುತ್ತವೆ. ಇಲಿಯನ್ನು ಪ್ಲಾಸ್ಟಿಕ್ ಟ್ಯೂಬಿನಲ್ಲಿಟ್ಟು ಯಂತ್ರದೊಳಗೆ ಇಳಿಸುತ್ತೀರಿ. ಒಂದೆರಡು ನಿಮಿಷದಲ್ಲಿ ಉತ್ತರ ಬರುತ್ತದೆ. ಅರಿವಳಿಕೆ ಬೇಡ, ಎಕ್ಸ್-ರೇ ಇಲ್ಲ.

ಇದು ಕೆಲಸ ಮಾಡುವ ರೀತಿ ಸರಳ. ಮೈಯ ನೀರಿನಲ್ಲೂ ಕೊಬ್ಬಿನಲ್ಲೂ ಹೈಡ್ರೋಜನ್ ಇದೆ. ಆಯಸ್ಕಾಂತದ ಒಳಗೆ ರೇಡಿಯೋ ತರಂಗದ ಒಂದು ಏಟು ಕೊಟ್ಟಾಗ ಆ ಹೈಡ್ರೋಜನ್ ಕದಲುತ್ತದೆ, ಆಮೇಲೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಕೊಬ್ಬಿನೊಳಗಿನದು ಮರಳುವ ವೇಗ ಒಂದು, ಸ್ನಾಯುವಿನ ನೀರಿನದು ಇನ್ನೊಂದು, ಮೂತ್ರಕೋಶದಲ್ಲಿ ಸುಮ್ನೆ ತುಂಬಿಕೊಂಡಿರುವ ನೀರಿನದು ಮತ್ತೊಂದು. ಯಂತ್ರ ಈ ವೇಗಗಳನ್ನು ಬೇರ್ಪಡಿಸಿ ಗ್ರಾಂ ಲೆಕ್ಕಕ್ಕೆ ತರುತ್ತದೆ. ಚಿತ್ರ ಕೊಡುವುದಿಲ್ಲ. ಹಾಗಾಗಿ ಕೊಬ್ಬು ಎಷ್ಟಿದೆ ಅಂತ ಗೊತ್ತಾಗುತ್ತದೆ, ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ವಿಧಾನ ಡೆಕ್ಸಾ. ಅದು ಎರಡು ಶಕ್ತಿಯ ಎಕ್ಸ್-ರೇ ಬಳಸುತ್ತದೆ. ಇಲಿಗಳಿಗೆಂದೇ ಬಂದ ಪಿಕ್ಸಿಮಸ್ ಯಂತ್ರ ಹಲವು ಹಳೆಯ ಲ್ಯಾಬುಗಳಲ್ಲಿದೆ. ಮೂಳೆಯ ಸಾಂದ್ರತೆಯೂ ಬೇಕಿದ್ದರೆ ಇದು ಸರಿ. ಆದರೆ ಇಲಿ ಅಲುಗಬಾರದು, ಆದ್ದರಿಂದ ಅರಿವಳಿಕೆ ಕೊಡಲೇಬೇಕು. ಮಲಗಿಸುವಾಗ ಕೈಕಾಲು ಹರಡಿರಬೇಕು, ಬಾಲ ಮೈಗೆ ತಾಗಿರಬಾರದು, ಕಿವಿಯ ಲೋಹದ ಟ್ಯಾಗ್ ಲೆಕ್ಕದೊಳಗೆ ಬರಬಾರದು. ಸಾಮಾನ್ಯವಾಗಿ ತಲೆಯನ್ನು ಲೆಕ್ಕದಿಂದ ಬಿಡುತ್ತಾರೆ. ಪಿಕ್ಸಿಮಸ್ ಕೊಬ್ಬನ್ನು ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ ಅನ್ನುವುದು ಅದನ್ನು ಪರೀಕ್ಷಿಸಿದ ಮೊದಲ ವರ್ಷಗಳಿಂದಲೂ ಗೊತ್ತಿರುವ ಸಂಗತಿ. ಅದಕ್ಕೇ ಡೆಕ್ಸಾ ಸಂಖ್ಯೆಯನ್ನೂ ಎನ್‌ಎಂಆರ್ ಸಂಖ್ಯೆಯನ್ನೂ ಒಂದೇ ಗ್ರಾಫಿನಲ್ಲಿ ಬೆರೆಸಬೇಡಿ.

ಕೊಬ್ಬು ಎಲ್ಲಿದೆ ಎಂಬುದೇ ನಿಮ್ಮ ಪ್ರಶ್ನೆಯಾದರೆ, ಅಂದರೆ ಹೊಟ್ಟೆಯೊಳಗೋ ಚರ್ಮದ ಕೆಳಗೋ ಅಂತ ತಿಳಿಯಬೇಕಿದ್ದರೆ, ಮೈಕ್ರೋ-ಸಿಟಿ ಸ್ಕ್ಯಾನ್ ಬೇಕು. ಇಲ್ಲವೇ ಪ್ರಯೋಗದ ಕೊನೆಗೆ ಕೊಬ್ಬಿನ ಗಡ್ಡೆಗಳನ್ನು ತೆಗೆದು ತೂಗಬೇಕು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಅಳೆಯುವ ದಿನಕ್ಕೆ ಮೊದಲು

ಇಲಿಗಳಿಗೆ ನಿಮ್ಮ ಕೈ ಅಭ್ಯಾಸವಾಗಲಿ. ಬಾಲ ಹಿಡಿದು ಎತ್ತುವುದು ಬಹಳ ಕಡೆ ರೂಢಿ. 2010ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್, ಬಾಲ ಹಿಡಿದು ಎತ್ತಿದ ಇಲಿಗಳಲ್ಲಿ ಆತಂಕ ಜಾಸ್ತಿ ಎಂದು ತೋರಿಸಿದರು. ಸಣ್ಣ ಕೊಳವೆಯೊಳಗೆ ನಡೆಸಿಕೊಂಡೋ ಅಂಗೈ ಬಟ್ಟಲು ಮಾಡಿಯೋ ಎತ್ತಿದ ಇಲಿಗಳು ಜನರಿಂದ ಅಷ್ಟು ದೂರ ಓಡುವುದಿಲ್ಲ. ನಮ್ಮ ಕೆಲಸಕ್ಕೆ ಇದು ಹೇಳಿಮಾಡಿಸಿದಂತಿದೆ, ಏಕೆಂದರೆ ಅಳೆಯುವ ಯಂತ್ರಕ್ಕೂ ಇಲಿ ಟ್ಯೂಬಿನೊಳಗೇ ಹೋಗಬೇಕು. ಕೇಜಿನಲ್ಲಿ ಒಂದು ಕೊಳವೆ ಮೊದಲಿನಿಂದಲೂ ಇಟ್ಟಿದ್ದರೆ ಅಳೆಯುವ ದಿನ ಇಲಿ ತಾನಾಗಿ ನುಗ್ಗುತ್ತದೆ. ಒದ್ದಾಡುವ ಇಲಿಯ ರೀಡಿಂಗ್ ಕೆಡುತ್ತದೆ, ಇಲಿಗೂ ಹಿಂಸೆ. ಒಂದು ವಾರ ಮೊದಲಿನಿಂದಲೇ ದಿನಾ ಸ್ವಲ್ಪ ಹೊತ್ತು ಇದಕ್ಕೆ ಕೊಡಿ.

ಗುರುತಿಗೆ ಲೋಹದ ಟ್ಯಾಗ್ ಬೇಡ, ಕಿವಿಯ ಅಂಚಿನಲ್ಲಿ ರಂಧ್ರ ಹಾಕುವ ಪದ್ಧತಿ ಇಟ್ಟುಕೊಳ್ಳಿ. ಆಯಸ್ಕಾಂತದ ಹತ್ತಿರ ಲೋಹ ಸುಳಿಯಬಾರದು. ಇದು ನಿಮಗೂ ಅನ್ವಯಿಸುತ್ತದೆ: ಪೇಸ್‌ಮೇಕರ್ ಇರುವವರು ಆ ಕೋಣೆಗೆ ಹೋಗುವ ಮೊದಲು ಕೇಳಿಕೊಳ್ಳಬೇಕು.

ಆಹಾರ ಬದಲಿಸುವ ಮೊದಲು ಒಂದು ಸಲ ಎಲ್ಲ ಇಲಿಗಳನ್ನೂ ಅಳೆಯಿರಿ. ಆ ಮೊದಲ ಲೆಕ್ಕ ನೋಡಿಕೊಂಡು, ಎರಡೂ ಗುಂಪಿನಲ್ಲಿ ಕೊಬ್ಬು ಹೆಚ್ಚು ಕಡಿಮೆ ಸಮ ಇರುವಂತೆ, ಚೀಟಿ ಎತ್ತಿದ ಹಾಗೆ ಹಂಚಿ. ಇದನ್ನು ಬಿಟ್ಟರೆ ಹನ್ನೆರಡು ವಾರದ ನಂತರ ಕಾಣುವ ವ್ಯತ್ಯಾಸ ಆಹಾರದ್ದೋ ಮೊದಲೇ ಇದ್ದದ್ದೋ ಹೇಳಲಾಗುವುದಿಲ್ಲ. ಹೋಲಿಕೆಗೆ ಮಾಮೂಲಿ ಚೌ, ಅಂದರೆ ಲ್ಯಾಬಿನ ಇಲಿಗಳ ದಿನನಿತ್ಯದ ಆಹಾರ, ಕೊಡುವವರೂ ಇದ್ದಾರೆ. ನನಗದು ಸರಿ ಕಾಣುವುದಿಲ್ಲ. ಚೌನಲ್ಲಿ ನಾರು, ಸೋಯಾ, ಪಿಷ್ಟ ಎಲ್ಲವೂ ಬೇರೆ. ನಾರು ಜಾಸ್ತಿಯಾದರೆ ಕರುಳಿನಲ್ಲಿ ಉಳಿಯುವ ಆಹಾರದ ತೂಕವೂ ಬದಲಾಗುತ್ತದೆ. ಕೊಬ್ಬು ಮಾತ್ರ ಕಡಿಮೆ ಇರುವ, ಉಳಿದದ್ದು ಹೊಂದುವ ಆಹಾರವನ್ನೇ ತರಿಸಿ.

ಅಳೆಯುವ ದಿನ

ಹೊತ್ತು ಮುಖ್ಯ. ಇಲಿ ರಾತ್ರಿ ತಿನ್ನುವ ಪ್ರಾಣಿ. ಬೆಳಗಿನ ಜಾವ ಹೊಟ್ಟೆ ತುಂಬಿರುತ್ತದೆ, ಸಂಜೆಗೆ ಖಾಲಿಯಾಗಿರುತ್ತದೆ. ಬೆಳಿಗ್ಗೆ 6ಕ್ಕೆ ದೀಪ ಹತ್ತುವ ಕೋಣೆಯಾದರೆ 9ರಿಂದ 11ರ ನಡುವೆ ಅಳೆಯಿರಿ, ಪ್ರತಿ ಸಲವೂ ಅದೇ ಹೊತ್ತಿಗೆ. ಒಂದು ವಾರ ಬೆಳಿಗ್ಗೆ, ಇನ್ನೊಂದು ವಾರ ಮಧ್ಯಾಹ್ನ ಮಾಡಿದರೆ ಆ ವ್ಯತ್ಯಾಸವೂ ನಿಮ್ಮ ಗ್ರಾಫಿನಲ್ಲಿ ಕೂತಿರುತ್ತದೆ.

ಉಪವಾಸ ಹಾಕಿದ ದಿನ ಅಳೆಯಬೇಡಿ. ಗ್ಲೂಕೋಸ್ ಪರೀಕ್ಷೆಗೆ ಹೇಗೂ ರಾತ್ರಿ ಉಪವಾಸ ಹಾಕಿದ್ದೇವೆ, ಅದರ ಜೊತೆಗೇ ಮುಗಿಸಿಬಿಡೋಣ ಅನ್ನಿಸುತ್ತದೆ ಅಲ್ವಾ? ಇಡೀ ರಾತ್ರಿ ಉಪವಾಸವಿದ್ದ ಇಲಿ ತನ್ನ ತೂಕದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಕಳೆದುಕೊಳ್ಳಬಹುದು. ಮನುಷ್ಯನ ಒಂದು ರಾತ್ರಿಯ ಉಪವಾಸಕ್ಕೂ ಇಲಿಯದಕ್ಕೂ ಅಷ್ಟು ಅಂತರವಿದೆ. ಕೊಬ್ಬು, ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್, ನೀರು ಎಲ್ಲವೂ ಇಳಿದಿರುತ್ತದೆ. ಕೊಬ್ಬಿನ ಅಳತೆ ಮೊದಲು, ಗ್ಲೂಕೋಸ್ ಪರೀಕ್ಷೆ ಕೆಲವು ದಿನ ಬಿಟ್ಟು. ಕೇಜ್ ಬದಲಿಸಿದ ದಿನವೂ ಬೇಡ.

ಇನ್ನು ಯಂತ್ರ. ಅದು ಆನ್ ಆಗಿಯೇ ಇರಬೇಕು. ಆಯಸ್ಕಾಂತದ ಬಿಸಿ ಒಂದೇ ಮಟ್ಟದಲ್ಲಿರುವಂತೆ ಯಂತ್ರವೇ ನೋಡಿಕೊಳ್ಳುತ್ತದೆ. ಕರೆಂಟ್ ಹೋಗಿ ಬಂದಿದ್ದರೆ ಆ ಬಿಸಿ ಮತ್ತೆ ನೆಲೆಗೊಳ್ಳುವ ತನಕ ಕಾಯಿರಿ, ಆತುರ ಬೇಡ. ದಿನದ ಮೊದಲ ಕೆಲಸ ಎಣ್ಣೆಯ ಪರೀಕ್ಷೆ. ಎಕೋಎಂಆರ್‌ಐ ಜೊತೆ ಕನೋಲಾ ಎಣ್ಣೆ ತುಂಬಿದ ಒಂದು ಟ್ಯೂಬ್ ಬರುತ್ತದೆ. ಯಂತ್ರ ಲೆಕ್ಕ ಹಾಕುವ ಕೊಬ್ಬು ಅಂದರೆ ಆ ಎಣ್ಣೆಗೆ ಸಮನಾದ ಗ್ರಾಂ. ಎಣ್ಣೆಯ ರೀಡಿಂಗ್ ತಪ್ಪಿದ್ದರೆ ಅಂದಿನ ಎಲ್ಲ ರೀಡಿಂಗ್‌ಗಳೂ ತಪ್ಪು. ಪರೀಕ್ಷೆ ಪಾಸಾಯಿತು ಎಂಬ ಸಾಲನ್ನಷ್ಟೇ ನೋಡಿ ಮುಂದೆ ಹೋಗಬೇಡಿ, ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಿಂಗಳುಗಟ್ಟಲೆ ನಿಧಾನವಾಗಿ ಜಾರುವ ಯಂತ್ರ ದಿನದ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ, ನೋಟ್‌ಬುಕ್ಕಿನಲ್ಲಿ ಸಿಕ್ಕಿಬೀಳುತ್ತದೆ.

ಪ್ರತಿ ಇಲಿಗೆ ಕ್ರಮ ಹೀಗಿರಲಿ. ಮೊದಲು ತಕ್ಕಡಿಯಲ್ಲಿ ತೂಗಿ, 0.1 ಗ್ರಾಂ ತೋರಿಸುವ ತಕ್ಕಡಿ ಸಾಕು. ಆಮೇಲೆ ಮೈಗೆ ಹೊಂದುವ ಅಳತೆಯ ಟ್ಯೂಬಿಗೆ ಬಿಡಿ. ಬೊಜ್ಜಿನ ಇಲಿಗೆ ಅಗಲದ ಟ್ಯೂಬ್ ಬೇಕು. ಹಸಿವು ತಗ್ಗಿಸುವ ಹಾರ್ಮೋನ್ ಲೆಪ್ಟಿನ್ ಇಲ್ಲದ ಒಬಿ/ಒಬಿ ಇಲಿಗಳು 60 ಗ್ರಾಂ ದಾಟುವುದೂ ಉಂಟು, ಅವನ್ನು ಸಣ್ಣ ಟ್ಯೂಬಿಗೆ ತುರುಕಿದರೆ ಉಸಿರಾಟಕ್ಕೇ ಕಷ್ಟ. ಹಿಂದಿನಿಂದ ಪ್ಲಂಜರ್ ನಿಧಾನವಾಗಿ ತಳ್ಳಿ. ಇಲಿ ತಿರುಗಬಾರದು, ಆದರೆ ಎದೆ ಒತ್ತಬಾರದು. ಮೂಗಿನ ಬಳಿ ಗಾಳಿಯ ರಂಧ್ರ ತೆರೆದಿದೆಯೇ ನೋಡಿ. ಟ್ಯೂಬನ್ನು ಯಂತ್ರಕ್ಕಿಳಿಸಿ, ಹೆಸರು ಮತ್ತು ತೂಕ ಹಾಕಿ ಶುರು ಮಾಡಿ.

ಹೊರತೆಗೆಯದೆ ಇನ್ನೊಂದು ಸಲ ಅಳೆಯಿರಿ. ಎರಡು ರೀಡಿಂಗ್ ನಡುವೆ ಕೊಬ್ಬಿನಲ್ಲಿ 0.3 ಗ್ರಾಂಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೆಯದು ತೆಗೆದುಕೊಳ್ಳುವುದು ನನ್ನ ಪದ್ಧತಿ. ನಿಮ್ಮ ಲ್ಯಾಬಿನ ಮಿತಿ ಬೇರೆ ಇರಬಹುದು. ಅದನ್ನು ಪ್ರಯೋಗಕ್ಕೆ ಮೊದಲೇ ಬರೆದಿಟ್ಟರೆ ಸಾಕು, ಸಂಖ್ಯೆ ನೋಡಿದ ಮೇಲೆ ಮಿತಿ ಹುಡುಕಬಾರದು.

ಟ್ಯೂಬಿನಲ್ಲಿ ಇಲಿ ಮೂತ್ರ ಮಾಡುತ್ತದೆ. ಆ ಹನಿಗಳನ್ನೂ ಯಂತ್ರ ನೀರು ಅಂತ ಎಣಿಸುತ್ತದೆ. ಪ್ರತಿ ಇಲಿಯ ನಂತರ 70% ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಗಂಡು ಇಲಿಗೆ ಇನ್ನೊಂದು ಕೇಜಿನ ಗಂಡಿನ ವಾಸನೆ ಬಂದರೆ ಅದು ಕೆರಳುತ್ತದೆ, ಕೇಜಿಗೆ ಮರಳಿದ ಮೇಲೆ ಜಗಳವಾಡಬಹುದು. ಯಾರು ಯಾವ ಗುಂಪು ಅಂತ ಅಳೆಯುವವರಿಗೆ ಗೊತ್ತಿಲ್ಲದಿದ್ದರೆ ಒಳ್ಳೆಯದು. ದಪ್ಪಗಾದ ಇಲಿಯನ್ನು ಕಣ್ಣೇ ಗುರುತಿಸಿಬಿಡುತ್ತದೆ ನಿಜ. ಹಾಗಾಗಿ ಕನಿಷ್ಠ ಎರಡೂ ಗುಂಪಿನ ಕೇಜುಗಳನ್ನು ಬೆರೆಸಿ ಅಳೆಯಿರಿ. ಒಂದು ಗುಂಪು ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ.

ಸತ್ತ ಇಲಿಯನ್ನು ಫ್ರಿಜ್‌ನಿಂದ ತೆಗೆದು ಅಳೆಯುವ ಆಸೆಯೂ ಬರುತ್ತದೆ. ಕೊಬ್ಬು ದ್ರವದಂತಿದ್ದಾಗ ಮಾತ್ರ ಯಂತ್ರ ಅದನ್ನು ಸರಿಯಾಗಿ ಕಾಣುತ್ತದೆ. ಚಳಿಗಾಲದ ಬೆಳಿಗ್ಗೆ ಡಬ್ಬಿಯ ತುಪ್ಪ ಗಟ್ಟಿಯಾಗುವಂತೆ ತಣ್ಣಗಿನ ಇಲಿಯ ಕೊಬ್ಬೂ ಗಟ್ಟಿಯಾಗುತ್ತದೆ, ಅದರ ಸಂಕೇತ ಯಂತ್ರ ಓದುವ ಮೊದಲೇ ಅಡಗಿಹೋಗುತ್ತದೆ. ರೀಡಿಂಗ್ ಕಡಿಮೆ ಬರುತ್ತದೆ. ಅರಿವಳಿಕೆಯಲ್ಲಿ ಮೈ ತಣ್ಣಗಾದ ಇಲಿಯಲ್ಲೂ ರೀಡಿಂಗ್ ಜಾರಬಹುದು.

ಬಂದ ಸಂಖ್ಯೆ ಓದುವುದು

ಒಂದು ಇಲಿಯ ಸಾಲು ಹೀಗಿದೆ ಅಂದುಕೊಳ್ಳಿ: ತಕ್ಕಡಿಯ ತೂಕ 28.0 ಗ್ರಾಂ, ಕೊಬ್ಬು 4.2, ಲೀನ್ (ಕೊಬ್ಬಲ್ಲದ ಅಂಗಾಂಶ) 20.9, ಬಿಡಿ ನೀರು (ಮೂತ್ರಕೋಶದಲ್ಲಿರುವಂಥದ್ದು) 0.2. ಕೂಡಿದರೆ 25.3. ಉಳಿದ 2.7 ಗ್ರಾಂ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಮೂಳೆಯ ಖನಿಜ, ಕೂದಲು, ಉಗುರು, ಕರುಳಿನಲ್ಲಿರುವ ಒಣ ಆಹಾರ, ಇವು ಈ ಯಂತ್ರಕ್ಕೆ ಕಾಣುವುದಿಲ್ಲ. ಆದ್ದರಿಂದ ಮೊತ್ತ ಯಾವಾಗಲೂ ತಕ್ಕಡಿಯ ತೂಕಕ್ಕಿಂತ ಕಡಿಮೆಯೇ ಇರಬೇಕು. ಜಾಸ್ತಿ ಬಂದರೆ ಏನೋ ತಪ್ಪಾಗಿದೆ: ತೂಕ ಬರೆಯುವಾಗ ಅಂಕಿ ಅದಲುಬದಲಾಗಿರಬಹುದು, ಟ್ಯೂಬ್ ಒದ್ದೆ ಇರಬಹುದು, ಇಲಿಯ ಗುರುತೇ ತಪ್ಪಿರಬಹುದು. ನಾನು ಪ್ರತಿ ಇಲಿಗೂ ಮೊತ್ತವನ್ನು ತೂಕದಿಂದ ಭಾಗಿಸಿ ನೋಡುತ್ತೇನೆ. ಇಲ್ಲಿ ಅದು ಸುಮಾರು 90%. ಒಂದೇ ವಯಸ್ಸಿನ, ಒಂದೇ ಆಹಾರದ ಇಲಿಗಳಲ್ಲಿ ಇದು ಹತ್ತಿರ ಹತ್ತಿರ ಇರುತ್ತದೆ. ಒಂದು ಇಲಿ ಮಾತ್ರ ದೂರ ನಿಂತರೆ ಆ ದಿನವೇ ಮತ್ತೆ ಅಳೆಯಿರಿ, ತಿಂಗಳ ನಂತರ ಆ ಅವಕಾಶ ಸಿಗುವುದಿಲ್ಲ.

ಲೀನ್ ಅಂದರೆ ಸ್ನಾಯು ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಪಿತ್ತಜನಕಾಂಗ, ಮೂತ್ರಪಿಂಡ, ಹೃದಯ, ಕರುಳು, ಚರ್ಮ, ರಕ್ತ, ನೀರು ಹಿಡಿದಿಟ್ಟ ಎಲ್ಲ ಅಂಗಾಂಶವೂ ಅದರಲ್ಲಿದೆ. ಕೊಬ್ಬಿನ ಆಹಾರ ತಿಂದ ಇಲಿಯ ಪಿತ್ತಜನಕಾಂಗ ಹಿಗ್ಗುತ್ತದೆ. ಲೀನ್ ಏರಿತು ಅಂದಮಾತ್ರಕ್ಕೆ ಸ್ನಾಯು ಬೆಳೆಯಿತು ಅನ್ನಲಾಗದು. ಸ್ನಾಯುವಿನ ಮಾತಾಡಬೇಕಿದ್ದರೆ ಪ್ರಯೋಗದ ಕೊನೆಗೆ ಮೀನಖಂಡದ ಸ್ನಾಯು, ತೊಡೆಯ ಸ್ನಾಯು, ಮೊಣಕಾಲಿನ ಕೆಳಗೆ ಮುಂಭಾಗದ ಸ್ನಾಯು, ಇವನ್ನು ತೆಗೆದು ತೂಗಿ. ಹಿಡಿತದ ಬಲವನ್ನೂ ಅಳೆಯಿರಿ.

ಶೇಕಡಾ ಲೆಕ್ಕದ ಮೋಸ

ಬಹುಪಾಲು ಗ್ರಾಫುಗಳಲ್ಲಿ ಕೊಬ್ಬಿನ ಶೇಕಡಾ ಮಾತ್ರ ಇರುತ್ತದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಒಂದು ಲೆಕ್ಕ ಮಾಡಿ ನೋಡೋಣ.

ಔಷಧಿ ಕೊಡದ ಇಲಿ: ತೂಕ 40 ಗ್ರಾಂ, ಕೊಬ್ಬು 14, ಲೀನ್ 22. ಔಷಧಿ ಕೊಟ್ಟ ಇಲಿ: ತೂಕ 30 ಗ್ರಾಂ, ಕೊಬ್ಬು 10.5, ಲೀನ್ 16.5. ಇಬ್ಬರದೂ ಕೊಬ್ಬು 35%, ಇಬ್ಬರದೂ ಲೀನ್ 55%. ಶೇಕಡಾ ಗ್ರಾಫಿನಲ್ಲಿ ಏನೂ ಆಗಿಲ್ಲ. ಗ್ರಾಂ ನೋಡಿದರೆ ಆ ಔಷಧಿ ಇಲಿಯ 5.5 ಗ್ರಾಂ ಲೀನ್ ಕರಗಿಸಿದೆ, ಅಂದರೆ ಕಾಲು ಭಾಗ. ತೂಕ ಇಳಿಸುವ ಔಷಧಿಗಳ ಕಾಲದಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇನ್ನೇನಿದೆ?

ತಿರುಗಿಸಿಯೂ ಮೋಸ ಆಗುತ್ತದೆ. ಲೀನ್ 20 ಗ್ರಾಂ ಇರುವ ಇಲಿ 26 ಗ್ರಾಂನಿಂದ 40 ಗ್ರಾಂಗೆ ದಪ್ಪವಾಯಿತು, ಲೀನ್ ಒಂದು ಗ್ರಾಂ ಕೂಡ ಬದಲಾಗಲಿಲ್ಲ. ಶೇಕಡಾ ಲೆಕ್ಕದಲ್ಲಿ ಲೀನ್ 77ರಿಂದ 50ಕ್ಕೆ ಕುಸಿದಿದೆ. ಇದನ್ನು ನೋಡಿ ಕೊಬ್ಬಿನ ಆಹಾರದಿಂದ ಸ್ನಾಯು ನಷ್ಟವಾಯಿತು ಎಂದು ಬರೆದರೆ ಅದು ಸುಳ್ಳು.

ಹಾಗಾಗಿ ಗ್ರಾಂ ಮೊದಲು. ತೂಕ, ಕೊಬ್ಬು, ಲೀನ್, ಮೂರನ್ನೂ ಗ್ರಾಂನಲ್ಲಿ ಅಕ್ಕಪಕ್ಕ ತೋರಿಸಿ. ಶೇಕಡಾ ಬೇಕೇ ಬೇಕಿದ್ದರೆ ಜೊತೆಗೆ ಸೇರಿಸಿ, ಯಾವುದರಿಂದ ಭಾಗಿಸಿದಿರಿ ಅಂತಲೂ ಹೇಳಿ. ಮೇಲಿನ 28 ಗ್ರಾಂ ಇಲಿಯಲ್ಲಿ ತಕ್ಕಡಿಯ ತೂಕದಿಂದ ಭಾಗಿಸಿದರೆ ಕೊಬ್ಬು 15%, ಕೊಬ್ಬು ಮತ್ತು ಲೀನ್ ಮೊತ್ತದಿಂದ ಭಾಗಿಸಿದರೆ 16.7%. ಎರಡೂ ರೂಢಿಯಲ್ಲಿವೆ.

ಇಲಿ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಅಂತ ನೋಡುವಾಗಲೂ ಇದೇ ತೊಡಕು. ಆಮ್ಲಜನಕದ ಬಳಕೆಯನ್ನು ಮೈತೂಕದಿಂದ ಭಾಗಿಸಿದರೆ ದಪ್ಪ ಇಲಿ ಸೋಮಾರಿಯಂತೆ ಕಾಣುತ್ತದೆ, ಏಕೆಂದರೆ ಕೊಬ್ಬು ತೂಗುವಷ್ಟು ಉರಿಯುವುದಿಲ್ಲ. ಭಾಗಾಕಾರ ಬಿಟ್ಟು, ಲೀನ್ ಮತ್ತು ಕೊಬ್ಬನ್ನು ಜೊತೆಯ ಅಂಶಗಳಾಗಿ ಇಟ್ಟುಕೊಂಡು ಆಂಕೋವಾ ಎಂಬ ಸಂಖ್ಯಾಶಾಸ್ತ್ರದ ಲೆಕ್ಕ ಮಾಡಬೇಕು. ಈ ಕ್ಷೇತ್ರದ ಹಲವರು ಸೇರಿ 2012ರಲ್ಲಿ ನೇಚರ್ ಮೆಥಡ್ಸ್ ಪತ್ರಿಕೆಯಲ್ಲಿ ಇದನ್ನೇ ಒತ್ತಿ ಹೇಳಿದ್ದಾರೆ.

ಪ್ರಯೋಗದ ಕೊನೆಗೆ

ಕೊಬ್ಬಿನ ಗಡ್ಡೆಗಳನ್ನು ತೂಗುವುದು ಹಳೆಯ ಪದ್ಧತಿ, ಈಗಲೂ ಬೇಕೇ ಬೇಕು. ಗಂಡಿನಲ್ಲಿ ವೃಷಣದ ಪಕ್ಕದ ಗಡ್ಡೆ, ತೊಡೆಸಂದಿಯ ಚರ್ಮದ ಕೆಳಗಿನದು, ಮೂತ್ರಪಿಂಡದ ಹಿಂದಿನದು, ಕರುಳಿಗೆ ಅಂಟಿದ್ದು, ಹೆಗಲುಗಳ ನಡುವಿನ ಕಂದು ಕೊಬ್ಬು. ಎಡ ಬಲ ಎರಡನ್ನೂ ತೆಗೆಯಿರಿ. ವೃಷಣದ ಬಳಿಯದನ್ನು ಕತ್ತರಿಸುವಾಗ ಎಪಿಡಿಡಿಮಿಸ್ (ವೃಷಣಕ್ಕೆ ಅಂಟಿದ ವೀರ್ಯನಾಳದ ಸುರುಳಿ) ಸೇರಿಕೊಳ್ಳದಂತೆ ನೋಡಿ. ತೊಡೆಸಂದಿಯದರಲ್ಲಿ ಒಂದು ದುಗ್ಧಗ್ರಂಥಿ (ಲಿಂಫ್ ನೋಡ್) ಹುದುಗಿರುತ್ತದೆ. ತೆಗೆಯುವುದೋ ಬಿಡುವುದೋ ಮೊದಲೇ ತೀರ್ಮಾನಿಸಿ, ಎಲ್ಲ ಇಲಿಗಳಿಗೂ ಹಾಗೇ ಮಾಡಿ. ಒಬ್ಬರೇ ಕತ್ತರಿಸಿದರೆ ಇನ್ನೂ ಒಳ್ಳೆಯದು. ತೆಗೆದ ಕೂಡಲೇ ತೂಗಿ, ಗಾಳಿಯಲ್ಲಿ ಬಿಟ್ಟರೆ ಒಣಗುತ್ತದೆ.

ಒಂದೇ ಗಡ್ಡೆಯ ತೂಕ ನೋಡಿ ಇಡೀ ಮೈಯ ಕೊಬ್ಬು ಊಹಿಸಬೇಡಿ. ವೃಷಣದ ಬಳಿಯ ಗಡ್ಡೆ ಇಲಿ 40 ಗ್ರಾಂ ಹತ್ತಿರ ಬರುವ ತನಕ ಚೆನ್ನಾಗಿ ಹಿಗ್ಗುತ್ತದೆ. ಆಮೇಲೆ ಅದು ಅಲ್ಲೇ ನಿಲ್ಲುತ್ತದೆ ಅಥವಾ ಕುಗ್ಗುತ್ತದೆ, ಕೊಬ್ಬು ಪಿತ್ತಜನಕಾಂಗಕ್ಕೆ ತುಂಬಿಕೊಳ್ಳತೊಡಗುತ್ತದೆ. ಆ ಗಡ್ಡೆಯೊಂದನ್ನೇ ನೋಡಿದವರಿಗೆ ಅತಿ ದಪ್ಪದ ಇಲಿ ಸುಧಾರಿಸಿದಂತೆ ಕಂಡೀತು. ಅದಕ್ಕೇ ಪಿತ್ತಜನಕಾಂಗವನ್ನೂ ತೂಗಿ.

ಯಂತ್ರವನ್ನೇ ಪರೀಕ್ಷಿಸಬೇಕಿದ್ದರೆ ಕೊನೆಯ ತೀರ್ಪು ರಾಸಾಯನಿಕ ವಿಧಾನದ್ದು. ಇಲಿಯ ದೇಹವನ್ನು ತೂಕ ಬದಲಾಗದ ತನಕ ಒಣಗಿಸುತ್ತಾರೆ, ಇಳಿದದ್ದು ನೀರು. ಪುಡಿ ಮಾಡಿ ಸಾಕ್ಸ್‌ಲೆಟ್ ಉಪಕರಣದಲ್ಲಿ ಪೆಟ್ರೋಲಿಯಂ ಈಥರ್‌ನಿಂದ ಕೊಬ್ಬು ತೊಳೆಯುತ್ತಾರೆ, ಇಳಿದದ್ದು ಕೊಬ್ಬು. ಉಳಿದದ್ದನ್ನು ಕುಲುಮೆಯಲ್ಲಿ ಸುಟ್ಟರೆ ಸಿಗುವ ಬೂದಿ ಖನಿಜ. ದಿನಗಟ್ಟಲೆ ಹಿಡಿಯುವ ಕೆಲಸ. ಹೊಸ ಯಂತ್ರ ಬಂದಾಗ, ಬೇರೆ ಪ್ರಯೋಗಗಳಲ್ಲಿ ಹೇಗೂ ಕೊನೆಗಾಣುವ ಕೆಲವು ಇಲಿಗಳಲ್ಲಿ, ತೆಳ್ಳಗಿನವು ಮತ್ತು ದಪ್ಪನೆಯವು ಎರಡನ್ನೂ ಸೇರಿಸಿ ಒಮ್ಮೆ ಮಾಡಿಟ್ಟರೆ ಯಂತ್ರ ಎಷ್ಟು ಆಚೀಚೆ ಹೇಳುತ್ತದೆ ಎಂಬುದು ನಿಮ್ಮ ಕೈಯಲ್ಲಿರುತ್ತದೆ.

ಬರೆಯುವಾಗ ಈ ವಿವರಗಳು ಬಿಟ್ಟುಹೋಗದಿರಲಿ: ತಳಿಯ ಪೂರ್ತಿ ಹೆಸರು (ಬ್ಲ್ಯಾಕ್ ಸಿಕ್ಸ್ ಉಪತಳಿಗಳಾದ 6ಜೆ ಮತ್ತು 6ಎನ್ ಒಂದೇ ಅಲ್ಲ), ಲಿಂಗ, ವಯಸ್ಸು, ಒಂದು ಕೇಜಿನಲ್ಲಿ ಎಷ್ಟು ಇಲಿ, ಕೋಣೆಯ ಉಷ್ಣಾಂಶ, ಆಹಾರದ ಸಂಕೇತ ಸಂಖ್ಯೆ, ಅಳೆದ ಹೊತ್ತು, ಉಪವಾಸವಿತ್ತೇ, ಅರಿವಳಿಕೆ ಇತ್ತೇ, ಯಂತ್ರದ ಮಾದರಿ, ಎಷ್ಟು ಸಲ ಅಳೆದಿರಿ, ಯಾವ ಇಲಿಯನ್ನು ಯಾಕೆ ಕೈಬಿಟ್ಟಿರಿ. ಉಷ್ಣಾಂಶ ಯಾಕೆ ಅಂದರೆ ನಾವು ಇಲಿ ಸಾಕುವ 22 ಡಿಗ್ರಿ ಅವುಗಳಿಗೆ ಚಳಿ. ಅವಕ್ಕೆ ಹಿತವಾದದ್ದು 30ರ ಆಸುಪಾಸು. ಬೆಚ್ಚಗಿರಲು ಅವು ಸುಡುವ ಕೊಬ್ಬು ನಿಮ್ಮ ಲೆಕ್ಕದಲ್ಲೂ ಸೇರಿರುತ್ತದೆ. ಪ್ರತಿ ಇಲಿಯ ಗ್ರಾಂ ಸಂಖ್ಯೆಗಳಿರುವ ಮೂಲ ಫೈಲನ್ನೂ ಲೇಖನದ ಜೊತೆ ಕೊಡಿ.